ರಕ್ತ ಕ್ಯಾನ್ಸರ್ ರೋಗಿಗೆ ಜ್ವರ ಬಂದರೆ: ರಕ್ತದ ಸೋಂಕನ್ನು ಬೇಗ ಪತ್ತೆಹಚ್ಚುವ ಅಣು ಪರೀಕ್ಷೆಗಳು

ರಕ್ತ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವವರಿಗೆ ಜ್ವರ ಬಂತೆಂದರೆ, ಬೇರೆ ಕಾರಣ ಖಚಿತವಾಗುವವರೆಗೆ ವೈದ್ಯರು ಅದನ್ನು ಗಂಭೀರ ಸೋಂಕೆಂದೇ ಎಣಿಸುತ್ತಾರೆ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಮುಂತಾದ ಕಾಯಿಲೆಗಳು ರೋಗನಿರೋಧಕ ಕಣಗಳನ್ನೇ ಕೆಡಿಸುತ್ತವೆ. ಉಳಿದಿದ್ದ ಒಳ್ಳೆಯ ಕಣಗಳನ್ನು ಕೀಮೋ ಔಷಧಗಳು ಕೆಲವು ದಿನಗಳ ಮಟ್ಟಿಗೆ ನೆಲಕಚ್ಚಿಸುತ್ತವೆ. ಬ್ಯಾಕ್ಟೀರಿಯಾಗಳನ್ನು ಮೊದಲು ಎದುರಿಸುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ತೀರಾ ಕಡಿಮೆಯಾದಾಗ ಬರುವ ಜ್ವರಕ್ಕೆ ಫೆಬ್ರೈಲ್ ನ್ಯೂಟ್ರೊಪೀನಿಯಾ ಎನ್ನುತ್ತಾರೆ. ಇಂಥ ಜ್ವರಗಳಲ್ಲಿ ಶೇ 10ರಿಂದ 25ರಷ್ಟರಲ್ಲಿ ರಕ್ತದಲ್ಲೇ ಬ್ಯಾಕ್ಟೀರಿಯಾ ಸಿಗುತ್ತದೆ.

ಯಾವ ರೋಗಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದನ್ನು ತಿಳಿಯಲು ಹಳೆಯ ವಿಧಾನದಲ್ಲಿ ಎರಡು ಮೂರು ದಿನ ಬೇಕು. ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಅಣು ಪರೀಕ್ಷೆಗಳು ಈ ಅವಧಿಯನ್ನು ಕೆಲವು ಗಂಟೆಗಳಿಗೆ ಇಳಿಸಿವೆ. ಆದರೆ ಆ ವೇಗ ರೋಗಿಗೆ ದಕ್ಕಬೇಕಾದರೆ ಮೊದಲ ಆ್ಯಂಟಿಬಯೋಟಿಕ್‌ಗೂ ಮುನ್ನ ಸರಿಯಾಗಿ ರಕ್ತ ತೆಗೆದಿರಬೇಕು, ಆ ಔಷಧವೂ ತಡವಾಗಿರಬಾರದು. ವಿಜಯಪುರ ಸುತ್ತಿನ ರೋಗಿಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಇಲ್ಲಿಯವರ ಕ್ಯಾನ್ಸರ್ ಚಿಕಿತ್ಸೆ ಹಲವು ಬಾರಿ ನಡೆಯುವುದು ದೂರದಲ್ಲಿ: 500 ಕಿ.ಮೀ.ಗೂ ಆಚೆಯ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ, ಹುಬ್ಬಳ್ಳಿಯಲ್ಲಿ, ಇಲ್ಲವೇ ಗಡಿಯಾಚೆಯ ಮಿರಜ, ಸೊಲ್ಲಾಪುರ, ಬಾರ್ಶಿಗಳಲ್ಲಿ. ಕೀಮೋ ಮುಗಿಸಿ ಊರಿಗೆ ಮರಳಿದ ಮೇಲೆ ಜ್ವರ ಬರುವುದು ಮಾತ್ರ ತೊರವಿಯ ಮನೆಯಲ್ಲಿ, ತಿಕೋಟಾದ ತೋಟದಲ್ಲಿ, ಬಬಲೇಶ್ವರದ ಹಳ್ಳಿಯಲ್ಲಿ.

ಸೋಂಕು ಬರುವ ದಾರಿಗಳು

ಹೆಚ್ಚಿನ ಸೋಂಕು ಹೊರಗಿನಿಂದ ಬಂದದ್ದಲ್ಲ, ರೋಗಿಯ ಮೈಯಲ್ಲೇ ಇದ್ದದ್ದು. ಕೀಮೋ ಔಷಧಗಳು ಬಾಯಿಯಿಂದ ಗುದದ್ವಾರದವರೆಗಿನ ಒಳಪದರವನ್ನು ಸುಡುತ್ತವೆ. ಬಾಯಿ ಹುಣ್ಣು, ಭೇದಿ, ಹೊಟ್ಟೆನೋವು ಇದರ ಹೊರಗುರುತುಗಳು. ಕರುಳಿನಲ್ಲಿ ತಮ್ಮಷ್ಟಕ್ಕೆ ತಾವಿದ್ದ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಈ ಬಿರುಕುಗಳ ಮೂಲಕ ರಕ್ತಕ್ಕೆ ಇಳಿಯುತ್ತವೆ. ಬಾಯಿಯಲ್ಲಿರುವ ಸ್ಟ್ರೆಪ್ಟೊಕಾಕಸ್‌ಗಳು ಸೈಟರಬಿನ್ ಔಷಧ ಪಡೆದವರಲ್ಲಿ ಹುಣ್ಣಿನ ಮೂಲಕ ಒಳಸೇರುತ್ತವೆ. ಔಷಧ ಹಾಕಲು ರಕ್ತನಾಳಕ್ಕೆ ಜೋಡಿಸಿದ ತೋಳಿನ ಪಿಕ್ ಲೈನ್ ಅಥವಾ ಎದೆಯ ಪೋರ್ಟ್ ಮೂಲಕ ಬರುವುದು ಚರ್ಮದ ಮೇಲಿನ ಸ್ಟಫೈಲೊಕಾಕಸ್. ಲೈನಿಗೆ ಸಲೈನ್ ಹಾಕಿ ತೊಳೆದ ಕೆಲ ಹೊತ್ತಿನಲ್ಲೇ ಗಡಗಡ ನಡುಕ ಬಂದರೆ ಸಂಶಯ ಮೊದಲು ಲೈನಿನ ಮೇಲೆಯೇ.

ಯುರೋಪ್ ಮತ್ತು ಅಮೆರಿಕದ ಕ್ಯಾನ್ಸರ್ ಘಟಕಗಳಲ್ಲಿ ಚರ್ಮದಿಂದ ಬರುವ, ಗ್ರಾಂ ಎಂಬ ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು. ಭಾರತದಲ್ಲಿ ಆ ಬಣ್ಣ ಹಿಡಿಯದ ಗ್ರಾಂ ನೆಗೆಟಿವ್‌ಗಳದ್ದೇ ಮೇಲುಗೈ: ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್. ಇವುಗಳಲ್ಲಿ ಹಲವು ತಳಿಗಳು ಮೆರೊಪೆನೆಮ್‌ನಂಥ ಕಾರ್ಬಪೆನೆಮ್ ವರ್ಗದ ಕೊನೆಯ ಸಾಲಿನ ಔಷಧಗಳಿಗೂ ಬಗ್ಗುವುದಿಲ್ಲ. ಪರದೇಶದ ಮಾರ್ಗಸೂಚಿಯಲ್ಲಿ ಬರೆದ ಔಷಧವನ್ನು ಕಣ್ಣುಮುಚ್ಚಿ ಕೊಟ್ಟರೆ ಇಲ್ಲಿ ಅದು ನಾಟದೇ ಹೋಗಬಹುದು. ರೋಗಾಣುವಿನ ಹೆಸರಿನ ಜೊತೆಗೆ ಔಷಧ ನಾಟದಂತೆ ಮಾಡುವ ಅದರ ನಿರೋಧಕ ಜೀನನ್ನೂ ಬೇಗ ತಿಳಿಯಬೇಕಾಗಿರುವುದು ಈ ಕಾರಣಕ್ಕೆ.

ಜ್ವರ ಎಂದರೆ ಎಷ್ಟು, ಬಿಳಿ ಕಣ ಎಷ್ಟು?

ಥರ್ಮಾಮೀಟರ್‌ನಲ್ಲಿ ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ (38.3 ಸೆಲ್ಸಿಯಸ್) ಮುಟ್ಟಿದರೆ ಅಥವಾ 100.4 ಡಿಗ್ರಿ (38 ಸೆಲ್ಸಿಯಸ್) ಒಂದು ಗಂಟೆ ಇಳಿಯದೆ ನಿಂತರೆ ಅದು ಜ್ವರ. ಕಂಕುಳಲ್ಲಿ ಇಟ್ಟ ಅಳತೆ ಬಾಯಿಯ ಅಳತೆಗಿಂತ ತುಸು ಕಡಿಮೆ ಬರುತ್ತದೆ ಎಂಬುದು ನೆನಪಿರಬೇಕು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು, ಅಲ್ಲಿ ಇಡುವ ಜ್ವರದ ಗುಳಿಗೆಯನ್ನೂ ಬಳಸಬಾರದು. ಸಣ್ಣ ಗೀರಾದರೂ ಸೋಂಕಿಗೆ ಬಾಗಿಲು ತೆರೆದಂತೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಪಡೆಯುತ್ತಿರುವವರಿಗೆ ಸೋಂಕಿದ್ದೂ ಮೈ ಬಿಸಿಯಾಗದಿರಬಹುದು. ಅಂಥವರಲ್ಲಿ ಚಳಿ ನಡುಕ, ಏದುಸಿರು, ಬಡಬಡಿಕೆ ಅಥವಾ ಮಂಕು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಜ್ವರದಷ್ಟೇ ತೂಕದ ಲಕ್ಷಣಗಳು. ಕೀವು ಕಟ್ಟುವುದು, ಗಾಯ ಕೆಂಪೇರುವುದು ಇತ್ಯಾದಿ ಗುರುತುಗಳನ್ನು ಕಾಯುವುದರಲ್ಲಿ ಅರ್ಥವಿಲ್ಲ. ಕೀವು ಆಗುವುದೇ ನ್ಯೂಟ್ರೊಫಿಲ್‌ಗಳಿಂದ, ಇಲ್ಲಿ ಅವೇ ಇರುವುದಿಲ್ಲ.

ಸಾಮಾನ್ಯ ರಕ್ತ ಪರೀಕ್ಷೆಯ ಚೀಟಿಯಿಂದ ನ್ಯೂಟ್ರೊಫಿಲ್ ಲೆಕ್ಕವನ್ನು ಮನೆಯವರೇ ಹಾಕಬಹುದು. ಒಟ್ಟು ಬಿಳಿ ಕಣಗಳ ಸಂಖ್ಯೆಯನ್ನು ನ್ಯೂಟ್ರೊಫಿಲ್‌ಗಳ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಒಟ್ಟು 1,200 ಇದ್ದು ನ್ಯೂಟ್ರೊಫಿಲ್ ಶೇ 30 ಇದ್ದರೆ ಉತ್ತರ 360. ಇದು 500ಕ್ಕಿಂತ ಕಡಿಮೆ ಇದ್ದರೆ, ಅಥವಾ ಎರಡು ದಿನದಲ್ಲಿ ಅಷ್ಟಕ್ಕೆ ಇಳಿಯುವ ಸೂಚನೆ ಇದ್ದರೆ ಅಪಾಯದ ಮಟ್ಟ. 100ಕ್ಕಿಂತ ಕೆಳಗಿದ್ದರೆ ಅಪಾಯ ಇನ್ನೂ ಹೆಚ್ಚು. ಸಾಮಾನ್ಯವಾಗಿ ಕೀಮೋ ಮುಗಿದ 7ರಿಂದ 14 ದಿನಗಳ ನಡುವೆ ಎಣಿಕೆ ತಳ ಮುಟ್ಟುತ್ತದೆ. ತೀವ್ರ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ಮತ್ತು ಅಸ್ಥಿಮಜ್ಜೆ ಕಸಿಯಲ್ಲಿ ಈ ತಳದ ಅವಧಿ ವಾರಗಟ್ಟಲೆ ಎಳೆಯುತ್ತದೆ. ಆ ದಿನಗಳನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಗಂಟೆ: ಊರಿನಿಂದ ದವಾಖಾನೆಗೆ

ಫೆಬ್ರೈಲ್ ನ್ಯೂಟ್ರೊಪೀನಿಯಾದಲ್ಲಿ ರೋಗಿ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯೋಟಿಕ್ ರಕ್ತನಾಳಕ್ಕೆ ಹೋಗಬೇಕು ಎಂಬುದು ಎಲ್ಲೆಡೆ ಒಪ್ಪಿತವಾದ ಗುರಿ. ಜ್ವರದ ಜೊತೆ ರಕ್ತದೊತ್ತಡ ಕುಸಿದವರಲ್ಲಂತೂ ಪ್ರತಿ ಗಂಟೆಯ ತಡಕ್ಕೂ ಬದುಕುಳಿಯುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ. ಹೀಗಿರುವಾಗ ಕ್ಯಾನ್ಸರ್ ಚಿಕಿತ್ಸೆ ನಡೆದ ಊರಿಗೇ ಹೋಗಬೇಕೆಂದು ರಾತ್ರಿಯಿಡೀ ಬಸ್ಸಿನಲ್ಲೋ ರೈಲಿನಲ್ಲೋ ಪ್ರಯಾಣ ಮಾಡುವುದು ಕೈಯಾರೆ ಅಪಾಯ ತಂದುಕೊಂಡಂತೆ.

ತೊರವಿಯಿಂದ ಅಥಣಿ ರಸ್ತೆ ಹಿಡಿದರೆ ವಿಜಯಪುರ ನಗರ ಐದಾರು ಕಿ.ಮೀ. ದೂರ. ನಗರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಅದೇ ರಸ್ತೆಯಲ್ಲಿ ಮುಂದಿರುವ ತಿಕೋಟಾದವರಿಗೆ, ಜಮಖಂಡಿ ದಾರಿಯ ಬಬಲೇಶ್ವರದವರಿಗೆ ದಾರಿ ಇನ್ನಷ್ಟು ಉದ್ದ. 108 ಆಂಬುಲೆನ್ಸ್‌ಗೆ ಕರೆ ಮಾಡುವುದು ತಡವಾಗಬಾರದು. ಹೊರಡುವ ಮೊದಲೇ ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿದರೆ ಅವರೂ ಸ್ಥಳೀಯ ವೈದ್ಯರೂ ನೇರವಾಗಿ ಮಾತಾಡಿಕೊಳ್ಳಬಹುದು. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಮೊದಲ ಡೋಸ್ ಕೊಟ್ಟು, ರೋಗಿ ಸ್ಥಿರವಾದ ಮೇಲೆ ಬೇಕಿದ್ದರೆ ದೊಡ್ಡ ಕೇಂದ್ರಕ್ಕೆ ಕಳಿಸುವುದು ಸುರಕ್ಷಿತ ಕ್ರಮ.

ಮನೆಯಲ್ಲಿ ಮಾಡಬಾರದ ಕೆಲಸಗಳು ಮೂರು. ಒಂದು, ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನವರೆಗೆ ನೋಡೋಣ ಎನ್ನುವುದು. ಜ್ವರ ಇಳಿದರೂ ಸೋಂಕು ಇಳಿದಿರುವುದಿಲ್ಲ. ಎರಡು, ಊರಿನ ಡಾಕ್ಟರರ ಬಳಿ ಸೊಂಟಕ್ಕೆ ಸೂಜಿ ಮಾಡಿಸುವುದು. ಪ್ಲೇಟ್‌ಲೆಟ್ ಕಡಿಮೆ ಇರುವವರಲ್ಲಿ ಸ್ನಾಯುವಿಗೆ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ಗಡ್ಡೆಯಾಗುತ್ತದೆ. ಮೂರು, ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ತಾವೇ ಕೊಡುವುದು. ಒಂದೆರಡು ಮಾತ್ರೆಗೆ ಸೋಂಕು ವಾಸಿಯಾಗುವುದಿಲ್ಲ, ಆದರೆ ಮುಂದೆ ತೆಗೆಯುವ ರಕ್ತದಲ್ಲಿ ರೋಗಾಣು ಬೆಳೆಯದಂತೆ ಮಾಡಲು ಅಷ್ಟೇ ಸಾಕು.

ಜೊತೆಗೆ ಒಯ್ಯಬೇಕಾದ ಫೈಲಿನಲ್ಲಿ ಕೊನೆಯ ಡಿಸ್ಚಾರ್ಜ್ ಚೀಟಿ, ಕೀಮೋ ಔಷಧಗಳ ಹೆಸರು ಮತ್ತು ಕೊಟ್ಟ ದಿನಾಂಕ, ಇತ್ತೀಚಿನ ರಕ್ತದ ಎಣಿಕೆ, ಹಿಂದೆ ಯಾವಾಗಲಾದರೂ ಬಂದ ಕಲ್ಚರ್ ರಿಪೋರ್ಟ್, ಔಷಧದ ಅಲರ್ಜಿ ವಿವರ ಮತ್ತು ಲೈನ್ ಅಥವಾ ಪೋರ್ಟ್ ಹಾಕಿದ ದಾಖಲೆ ಇರಬೇಕು. ತುರ್ತು ವಿಭಾಗದ ಬಾಗಿಲಲ್ಲೇ "ಕೀಮೋ ಆಗಿದೆ, ಬಿಳಿ ಕಣ ಕಡಿಮೆ ಇವೆ, ಜ್ವರ ಬಂದಿದೆ" ಎಂದು ಹೇಳಿದರೆ ರೋಗಿ ಸಾಮಾನ್ಯ ಜ್ವರದವರ ಸಾಲಿನಲ್ಲಿ ಕೂರುವುದು ತಪ್ಪುತ್ತದೆ.

ಬಾಟಲಿಗೆ ರಕ್ತ: ಎಲ್ಲ ಪರೀಕ್ಷೆಗೂ ಇದೇ ಬುನಾದಿ

ಬ್ಲಡ್ ಕಲ್ಚರ್ ಎಂದರೆ ಪೋಷಕ ದ್ರವ ತುಂಬಿದ ಬಾಟಲಿಗೆ ರಕ್ತ ಹಾಕಿ ಅದರಲ್ಲಿನ ರೋಗಾಣುವನ್ನು ಬೆಳೆಸುವುದು. ಒಂದು ಸೆಟ್ ಎಂದರೆ ವಯಸ್ಕರಲ್ಲಿ ಸಾಮಾನ್ಯವಾಗಿ ಎರಡು ಬಾಟಲಿ, ಒಂದು ಆಮ್ಲಜನಕ ಬಳಸುವ ರೋಗಾಣುಗಳಿಗೆ, ಇನ್ನೊಂದು ಆಮ್ಲಜನಕ ಇಲ್ಲದೆ ಬೆಳೆಯುವವಕ್ಕೆ. ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಬೇಕು. ಮಕ್ಕಳಲ್ಲಿ ತೂಕ ನೋಡಿ ಪ್ರಮಾಣ ನಿರ್ಧರಿಸುತ್ತಾರೆ.

"ಇಷ್ಟೊಂದು ರಕ್ತ ಯಾಕೆ ತೆಗೆಯುತ್ತೀರಿ?" ಎಂಬುದು ಮನೆಯವರ ಸಾಮಾನ್ಯ ತಕರಾರು. ವಯಸ್ಕರ ರಕ್ತದ ಸೋಂಕಿನಲ್ಲಿ ಒಂದು ಮಿ.ಲೀ.ನಲ್ಲಿ ಸಿಗುವ ಜೀವಂತ ಬ್ಯಾಕ್ಟೀರಿಯಾಗಳು ಹಲವು ಬಾರಿ ಹತ್ತಕ್ಕಿಂತಲೂ ಕಡಿಮೆ, ಕೆಲವೊಮ್ಮೆ ಒಂದೇ. ಎರಡು ಮಿ.ಲೀ. ಹಾಕಿದ ಬಾಟಲಿಯಲ್ಲಿ ಅದು ಬಾರದೇ ಹೋಗಬಹುದು, ಹತ್ತು ಮಿ.ಲೀ.ನಲ್ಲಿ ಸಿಕ್ಕಿಬೀಳುತ್ತದೆ. ಸೆಟ್‌ಗಳ ಸಂಖ್ಯೆಗೂ ಇದೇ ತರ್ಕ. ಒಂದೇ ಸೆಟ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಸೋಂಕುಗಳು ಪತ್ತೆಯಾದರೆ, ಎರಡು ಸೆಟ್‌ನಲ್ಲಿ ಅದು ಶೇ 90ರ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ ಕನಿಷ್ಠ ಎರಡು ಸೆಟ್ ತೆಗೆಯುವುದು ನಿಯಮ. ಲೈನ್ ಇರುವವರಲ್ಲಿ ಒಂದು ಸೆಟ್ ಲೈನಿನಿಂದ, ಇನ್ನೊಂದು ತೋಳಿನ ರಕ್ತನಾಳದಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಎರಡರಲ್ಲೂ ಒಂದೇ ರೋಗಾಣು ಬೆಳೆದು, ಲೈನಿನ ಬಾಟಲಿ ಎರಡು ಗಂಟೆ ಅಥವಾ ಹೆಚ್ಚು ಮೊದಲೇ ಬೆಳವಣಿಗೆ ತೋರಿಸಿದರೆ ಸೋಂಕಿನ ಮೂಲ ಲೈನೇ ಎಂದು ತಿಳಿಯುತ್ತದೆ.

ತೆಗೆಯುವ ರೀತಿಯಲ್ಲಿ ಅಚ್ಚುಕಟ್ಟು ಮುಖ್ಯ. ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್‌ನಿಂದ ಚರ್ಮ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಒರೆಸಿದ ಜಾಗವನ್ನು ಮತ್ತೆ ಬೆರಳಿಂದ ಮುಟ್ಟಬಾರದು. ಬಾಟಲಿಯ ಮುಚ್ಚಳ ತೆಗೆದಾಗ ಕಾಣುವ ರಬ್ಬರ್ ಸ್ವಚ್ಛವಾಗಿ ಕಂಡರೂ ಕ್ರಿಮಿರಹಿತವಲ್ಲ, ಅದನ್ನೂ ಸ್ಪಿರಿಟ್‌ನಿಂದ ಒರೆಸಬೇಕು. ಇಲ್ಲವಾದರೆ ಚರ್ಮದ ಮೇಲಿನ ನಿರುಪದ್ರವಿ ಸ್ಟಫೈಲೊಕಾಕಸ್ ಬಾಟಲಿಯಲ್ಲಿ ಬೆಳೆದು ಇಲ್ಲದ ಸೋಂಕಿಗೆ ಔಷಧ ನಡೆಯುತ್ತದೆ.

ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು, ತಂಪಿಗೆ ಕೆಲವು ರೋಗಾಣುಗಳು ಸಾಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಬಿಸಿಲಿನಲ್ಲಿ, ನಿಲ್ಲಿಸಿದ ಕಾರಿನೊಳಗೂ ಬಿಡಬಾರದು. ಕೋಣೆಯ ತಾಪದಲ್ಲೇ ಇಟ್ಟು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ, ಪ್ರಯೋಗಾಲಯದ ಯಂತ್ರಕ್ಕೆ ಮುಟ್ಟಿಸಬೇಕು. ನೇರವಾಗಿ ರಕ್ತದ ಮೇಲೆ ಮಾಡುವ ಪಿಸಿಆರ್ ಬೇಕಿದ್ದರೆ ಸಾಮಾನ್ಯವಾಗಿ ನೇರಳೆ ಮುಚ್ಚಳದ ಇಡಿಟಿಎ ಕೊಳವೆಯಲ್ಲಿ ಬೇರೆಯಾಗಿ ರಕ್ತ ತೆಗೆಯುತ್ತಾರೆ. ಹೆಪರಿನ್ ಇರುವ ಕೊಳವೆ ಸಲ್ಲದು. ಹೆಪರಿನ್ ಪಿಸಿಆರ್ ಕ್ರಿಯೆಯನ್ನು ತಡೆಯುತ್ತದೆ.

ಹಳೆಯ ವಿಧಾನದಲ್ಲಿ ಹೊತ್ತು ಹೋಗುವುದೆಲ್ಲಿ?

ಬ್ಯಾಕ್‌ಟೆಕ್, ಬ್ಯಾಕ್ಟ್-ಅಲರ್ಟ್ ಮುಂತಾದ ಸ್ವಯಂಚಾಲಿತ ಯಂತ್ರಗಳು ಬಾಟಲಿಗಳನ್ನು ಮೈಬಿಸಿಯಷ್ಟೇ ಕಾವಿನಲ್ಲಿಟ್ಟು, ರೋಗಾಣು ಬೆಳೆಯುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡನ್ನು ಗಮನಿಸುತ್ತಿರುತ್ತವೆ. ಒಂದು ಉದಾಹರಣೆ: ಸೋಮವಾರ ರಾತ್ರಿ ಹತ್ತಕ್ಕೆ ಬಾಟಲಿ ಯಂತ್ರ ಸೇರಿತು ಎನ್ನೋಣ. ಇ. ಕೋಲೈಯಂಥ ಬಿರುಸಿನ ಬ್ಯಾಕ್ಟೀರಿಯಾ ಇದ್ದರೆ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಯಂತ್ರ ಸೂಚನೆ ಕೊಡುತ್ತದೆ. ಒಂದು ಹನಿ ತೆಗೆದು ಗ್ರಾಂ ಬಣ್ಣ ಹಾಕಿ ನೋಡಿದರೆ ಗಂಟೆಯೊಳಗೆ ಅದು ಕೋಲಿನಾಕಾರದ್ದೋ ಗುಂಡನೆಯದೋ, ಪಾಸಿಟಿವ್ವೋ ನೆಗೆಟಿವ್ವೋ ಎಂಬುದು ಗೊತ್ತಾಗುತ್ತದೆ. ನಿಖರ ಹೆಸರಿಗೆ ತಟ್ಟೆಯ ಮೇಲೆ ಮತ್ತೆ ಬೆಳೆಸಬೇಕು, ಅದು ಬುಧವಾರ. ಯಾವ ಔಷಧ ನಾಟುತ್ತದೆ ಎಂಬ ಸೆನ್ಸಿಟಿವಿಟಿ ಪರೀಕ್ಷೆಗೆ ಇನ್ನೊಂದು ದಿನ, ಅಲ್ಲಿಗೆ ಗುರುವಾರ. ಐದು ದಿನವಾದರೂ ಏನೂ ಬೆಳೆಯದಿದ್ದರೆ ನೆಗೆಟಿವ್ ಎಂದು ಮುಗಿಸುತ್ತಾರೆ.

ಈ ಮೂರು ದಿನ ವೈದ್ಯರು ಅಂದಾಜಿನ ಮೇಲೆ ಔಷಧ ನಡೆಸುತ್ತಾರೆ: ಪೈಪರಾಸಿಲಿನ್-ಟ್ಯಾಜೊಬ್ಯಾಕ್ಟಮ್, ಸೆಫೆಪೈಮ್, ಸೆಫೊಪೆರಜೋನ್-ಸಲ್ಬ್ಯಾಕ್ಟಮ್ ಅಥವಾ ಮೆರೊಪೆನೆಮ್, ಸ್ಥಿತಿ ಗಂಭೀರವಾಗಿದ್ದರೆ ಜೊತೆಗೆ ಅಮಿಕಾಸಿನ್ ಅಥವಾ ಕೊಲಿಸ್ಟಿನ್. ಅಂದಾಜು ತಪ್ಪಿದರೆ ರೋಗಿಗೆ ಮೂರು ದಿನ ನಾಟದ ಔಷಧ ಹೋದಂತೆ. ಅಂದಾಜು ಅತಿಯಾದರೆ ಮೂತ್ರಪಿಂಡಕ್ಕೆ ಪೆಟ್ಟು, ಕಿಸೆಗೂ ಪೆಟ್ಟು.

ಅಣು ಪರೀಕ್ಷೆಗಳ ಬಗೆಗಳು

ಪಿಸಿಆರ್ ಎಂಬ ಹೆಸರು ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತ. ರೋಗಾಣುವಿನ ಡಿಎನ್‌ಎಯ ಒಂದು ತುಣುಕನ್ನು ಗುರುತಿಸಿ, ಅದನ್ನೇ ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ, ಕಾಣುವಂತೆ ಮಾಡುವ ವಿಧಾನ ಅದು. ರಕ್ತದ ಸೋಂಕಿನಲ್ಲಿ ಇದನ್ನು ಎರಡು ಹಂತಗಳಲ್ಲಿ ಬಳಸುತ್ತಾರೆ.

ಮೊದಲನೆಯದು, ಬೆಳವಣಿಗೆ ಸೂಚಿಸಿದ ಬಾಟಲಿಯಿಂದ ಮಾಡುವ, ಹಲವು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಮಲ್ಟಿಪ್ಲೆಕ್ಸ್ ಪಿಸಿಆರ್. ಬಾಟಲಿಯಲ್ಲಿ ಆಗಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವುದರಿಂದ ಪರೀಕ್ಷೆ ಸುಲಭ, ಫಲಿತಾಂಶ ನಂಬಿಕೆಗೆ ಅರ್ಹ. ಬಯೋಫೈರ್ ಸಂಸ್ಥೆಯ ಬಿಸಿಐಡಿ-2 ಪ್ಯಾನೆಲ್ ಇದರಲ್ಲಿ ಹೆಸರಾದದ್ದು. ಅಂಗೈಯಗಲದ ಮುಚ್ಚಿದ ಚೀಲದೊಳಗೆ ಎಲ್ಲ ರಾಸಾಯನಿಕಗಳನ್ನೂ ಒಣಗಿಸಿ ಇಟ್ಟಿರುತ್ತಾರೆ. ಬಾಟಲಿಯಿಂದ ತುಸು ಮಾದರಿ ಸೇರಿಸಿ ಯಂತ್ರಕ್ಕೆ ಕೊಟ್ಟರೆ ಸುಮಾರು ಒಂದು ಗಂಟೆಯಲ್ಲಿ 26 ಬ್ಯಾಕ್ಟೀರಿಯಾ, 7 ಫಂಗಸ್ ಮತ್ತು 10 ನಿರೋಧಕ ಜೀನ್‌ಗಳಲ್ಲಿ ಯಾವುದಿದೆ ಎಂದು ತಿಳಿಸುತ್ತದೆ. ವೆರಿಜೀನ್ ಎಂಬ ಇನ್ನೊಂದು ವ್ಯವಸ್ಥೆಗೆ ಎರಡೂವರೆ ಗಂಟೆ ಬೇಕು. ಕ್ಷಯದ ಪರೀಕ್ಷೆಗೆಂದು ಜಿಲ್ಲಾ ಕೇಂದ್ರಗಳಿಗೆ ಬಂದಿರುವ ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲೇ ಬಳಸುವ ಬೇರೆ ಕಾರ್ಟ್ರಿಜ್‌ಗಳಿವೆ. ಒಂದು, ಪಾಸಿಟಿವ್ ಬಾಟಲಿಯಲ್ಲಿರುವ ಸ್ಟಫೈಲೊಕಾಕಸ್ ಆರಿಯಸ್ ಮೆಥಿಸಿಲಿನ್‌ಗೆ ಬಗ್ಗುತ್ತದೋ ಇಲ್ಲವೋ ಎಂದು ಗಂಟೆಯೊಳಗೆ ಹೇಳುತ್ತದೆ. ಇನ್ನೊಂದು, ಮಲದ್ವಾರದ ಸ್ವಾಬ್‌ನಲ್ಲಿ ಅಥವಾ ಬೆಳೆದ ಬ್ಯಾಕ್ಟೀರಿಯಾದಲ್ಲಿ ಕಾರ್ಬಪೆನೆಮ್ ನಿರೋಧದ ಐದು ಬಗೆಯ ಜೀನ್‌ಗಳನ್ನು ಹುಡುಕುತ್ತದೆ. ಮೇಲಿನ ಉದಾಹರಣೆಯ ರೋಗಿಗೆ ಬುಧವಾರ, ಗುರುವಾರ ಬರಬೇಕಿದ್ದ ಸುದ್ದಿಯ ಮುಖ್ಯ ಭಾಗ ಮಂಗಳವಾರ ಸಂಜೆಗೇ ಕೈಸೇರುತ್ತದೆ.

ಎರಡನೆಯದು, ಬಾಟಲಿಯಲ್ಲಿ ಬೆಳೆಯುವುದನ್ನೂ ಕಾಯದೆ ನೇರ ರಕ್ತದಿಂದಲೇ ಮಾಡುವ ಪರೀಕ್ಷೆ. ಆಸೆ ಹುಟ್ಟಿಸುವ ದಾರಿ ಇದು, ಕಷ್ಟದ್ದೂ ಹೌದು. ಮಿ.ಲೀ.ಗೆ ಒಂದೆರಡೇ ಇರುವ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ರೋಗಿಯ ಸ್ವಂತ ಕಣಗಳ ಡಿಎನ್‌ಎಯ ರಾಶಿಯಿಂದ ಆರಿಸಿ ತೆಗೆಯಬೇಕು. ಅಮೆರಿಕದಲ್ಲಿ 2014ರಲ್ಲಿ ಕ್ಯಾಂಡಿಡಾಕ್ಕೆ, 2018ರಲ್ಲಿ ಬ್ಯಾಕ್ಟೀರಿಯಾಕ್ಕೆ ಅನುಮತಿ ಪಡೆದ ಟಿ2 ಎಂಬ ವಿಧಾನ ಪಿಸಿಆರ್ ಜೊತೆ ಕಾಂತೀಯ ಅನುರಣನವನ್ನು ಸೇರಿಸಿ ಮೂರರಿಂದ ಐದು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಆದರೆ ಅದು ಹುಡುಕುವುದು ಕೆಲವೇ ರೋಗಾಣುಗಳನ್ನು. ಕರ್ನಾಟಕದಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಎಕ್ಸ್‌ಸೈಟನ್ ಡಯಾಗ್ನೋಸ್ಟಿಕ್ಸ್ ರೂಪಿಸಿದ ಸಿಂಡ್ರೋಮ್ ಇವ್ಯಾಲ್ಯುಯೇಶನ್ ಸಿಸ್ಟಮ್ ಎಂಬ ಪರೀಕ್ಷೆ, ಒಂದು ರೋಗಲಕ್ಷಣಕ್ಕೆ ಕಾರಣವಾಗಬಲ್ಲ ಹಲವು ರೋಗಾಣುಗಳನ್ನು ಒಂದೇ ಮಾದರಿಯಲ್ಲಿ ಪಿಸಿಆರ್ ಮತ್ತು ಡಿಎನ್‌ಎ ಜೋಡಣೆಯ ಮೂಲಕ ಹುಡುಕುತ್ತದೆ. ಮೆದುಳು ಮತ್ತು ಕಣ್ಣಿನ ಸೋಂಕುಗಳ ಜೊತೆಗೆ ರಕ್ತದ ಸೋಂಕಿಗೂ ಅದನ್ನು ಅಳವಡಿಸಲಾಯಿತು. ಮಾದರಿಯನ್ನು ಕೊರಿಯರ್ ಮೂಲಕ ಕೇಂದ್ರ ಪ್ರಯೋಗಾಲಯಕ್ಕೆ ಕಳಿಸುವ ಇಂಥ ಪರೀಕ್ಷೆಗಳಲ್ಲಿ ಪ್ರಯಾಣದ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆರು ಗಂಟೆಯ ಪರೀಕ್ಷೆಗೆ ಇಪ್ಪತ್ತು ಗಂಟೆಯ ದಾರಿ ಸೇರಿದರೆ, ಊರಲ್ಲೇ ಇರುವ ಕಲ್ಚರ್ ಯಂತ್ರ ಅದಕ್ಕೆ ಸರಿಸಮನಾಗಿ ಬಿಡಬಹುದು.

ಇವಲ್ಲದೆ ರಕ್ತದ್ರವದಲ್ಲಿ ತೇಲುವ ರೋಗಾಣು ಡಿಎನ್‌ಎ ತುಣುಕುಗಳನ್ನೆಲ್ಲ ಓದುವ ಮೆಟಾಜೀನೋಮಿಕ್ ಸೀಕ್ವೆನ್ಸಿಂಗ್ ಎಂಬ ವಿಧಾನವೂ ಇದೆ. ಇದು ದುಬಾರಿ, ಕಲ್ಚರ್‌ಗೆ ಸಿಗದ ಅಪರೂಪದ ಸೋಂಕಿನ ಸಂಶಯವಿದ್ದಾಗ ಮಾತ್ರ ಬಳಕೆ. ಮಾಲ್ಡಿ-ಟಾಫ್ ಎಂಬ ಯಂತ್ರದ ಹೆಸರೂ ರಿಪೋರ್ಟ್‌ಗಳಲ್ಲಿ ಕಾಣುತ್ತದೆ. ಅದು ಡಿಎನ್‌ಎಯನ್ನು ನೋಡುವುದಿಲ್ಲ, ಬೆಳೆದ ರೋಗಾಣುವಿನ ಪ್ರೋಟೀನುಗಳ ತೂಕದ ವಿನ್ಯಾಸದಿಂದ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಒಂದು ಮಾದರಿಗೆ ತಗಲುವ ಖರ್ಚು ಬಹಳ ಕಡಿಮೆ, ಆದರೆ ನಿರೋಧಕ ಜೀನ್‌ಗಳ ಮಾಹಿತಿ ಅದರಿಂದ ಸಿಗುವುದಿಲ್ಲ.

ರಿಪೋರ್ಟ್‌ನಲ್ಲಿರುವ ಜೀನ್ ಹೆಸರುಗಳು ಹೇಳುವುದೇನು?

ಮೆಕ್-ಎ ಜೀನ್ ಇರುವ ಸ್ಟಫೈಲೊಕಾಕಸ್ ಆರಿಯಸ್‌ಗೆ ಸಾಮಾನ್ಯ ಪೆನಿಸಿಲಿನ್ ವರ್ಗದ ಔಷಧಗಳು ನಾಟುವುದಿಲ್ಲ, ವ್ಯಾಂಕೊಮೈಸಿನ್ ಅಥವಾ ಅಂಥದ್ದೇ ಇನ್ನೊಂದು ಬೇಕು. ವ್ಯಾನ್-ಎ ಇರುವ ಎಂಟರೊಕಾಕಸ್‌ಗೆ ವ್ಯಾಂಕೊಮೈಸಿನ್ ಕೂಡ ನಾಟದು. ಲಿನೆಜೊಲಿಡ್ ಅಥವಾ ಡಾಪ್ಟೊಮೈಸಿನ್‌ಗೆ ಬದಲಾಯಿಸುತ್ತಾರೆ. ಸಿಟಿಎಕ್ಸ್-ಎಂ ಇದ್ದರೆ ಸೆಫ್ಟ್ರಿಯಾಕ್ಸೋನ್ ವರ್ಗ ಕೆಲಸಕ್ಕೆ ಬಾರದು, ಕಾರ್ಬಪೆನೆಮ್ ಬೇಕಾಗುತ್ತದೆ.

ಭಾರತದ ಮಟ್ಟಿಗೆ ಹೆಚ್ಚು ತೂಕದ ಭೇದ ಎನ್‌ಡಿಎಂ ಮತ್ತು ಆಕ್ಸಾ-48 ಜೀನ್‌ಗಳ ನಡುವಿನದು. ಎರಡೂ ಮೆರೊಪೆನೆಮ್ ವರ್ಗವನ್ನು ಸೋಲಿಸುತ್ತವೆ, ಆದರೆ ಚಿಕಿತ್ಸೆ ಬೇರೆ ಬೇರೆ. ಆಕ್ಸಾ-48 ಒಂದೇ ಇದ್ದರೆ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಎಂಬ ಜೋಡಿ ಔಷಧ ಕೆಲಸ ಮಾಡುತ್ತದೆ. ಎನ್‌ಡಿಎಂ ಇದ್ದರೆ ಅದೊಂದರಿಂದ ಪ್ರಯೋಜನವಿಲ್ಲ, ಜೊತೆಗೆ ಅಜ್‌ಟ್ರಿಯೊನಾಮ್ ಸೇರಿಸಬೇಕಾಗುತ್ತದೆ. ಹಲವು ತಳಿಗಳಲ್ಲಿ ಎರಡು ಜೀನ್‌ಗಳೂ ಇರುತ್ತವೆ. ದಿನಕ್ಕೆ ಸಾವಿರಾರು ರೂಪಾಯಿ ಬೀಳುವ ಔಷಧವನ್ನು ತಪ್ಪಾಗಿ ಆರಿಸುವುದನ್ನು ಒಂದು ಗಂಟೆಯ ಪರೀಕ್ಷೆ ತಪ್ಪಿಸಿತೆಂದರೆ ಅದರ ಖರ್ಚು ಅಲ್ಲೇ ಹುಟ್ಟುತ್ತದೆ.

ಕೆಲವು ಘಟಕಗಳು ಲ್ಯುಕೇಮಿಯಾ ಚಿಕಿತ್ಸೆ ಆರಂಭಿಸುವ ಮೊದಲೇ ಮಲದ್ವಾರದ ಸ್ವಾಬ್ ತೆಗೆದು ಕರುಳಿನಲ್ಲಿ ಇಂಥ ನಿರೋಧಕ ಬ್ಯಾಕ್ಟೀರಿಯಾ ನೆಲೆಸಿದೆಯೇ ಎಂದು ನೋಡುತ್ತವೆ. ಇದ್ದರೆ ಅದು ಸೋಂಕಲ್ಲ, ಚಿಕಿತ್ಸೆಯೂ ಬೇಡ. ಆದರೆ ಮುಂದೆ ಜ್ವರ ಬಂದಾಗ ಮೊದಲ ಡೋಸನ್ನೇ ಅದಕ್ಕೆ ತಕ್ಕಂತೆ ಆರಿಸಬಹುದು. ಊರಿಗೆ ಮರಳುವ ರೋಗಿಯ ಫೈಲಿನಲ್ಲಿ ಈ ಚೀಟಿ ಇರಲೇಬೇಕು.

ಮಿತಿಗಳು

ಅಣು ಪರೀಕ್ಷೆ ತನ್ನ ಪಟ್ಟಿಯಲ್ಲಿರುವ ರೋಗಾಣುಗಳನ್ನಷ್ಟೇ ಹುಡುಕುತ್ತದೆ. ಪ್ಯಾನೆಲ್ ನೆಗೆಟಿವ್ ಬಂದರೆ ಸೋಂಕಿಲ್ಲ ಎಂದರ್ಥವಲ್ಲ, ಪಟ್ಟಿಯಲ್ಲಿರುವುದು ಸಿಗಲಿಲ್ಲ ಎಂದಷ್ಟೇ ಅರ್ಥ. ನೇರ ರಕ್ತದ ಪರೀಕ್ಷೆ ನೆಗೆಟಿವ್ ಎಂಬ ಕಾರಣಕ್ಕೆ ಆ್ಯಂಟಿಬಯೋಟಿಕ್ ನಿಲ್ಲಿಸುವಂತಿಲ್ಲ. ನಿರೋಧಕ ಜೀನ್ ಕಾಣಲಿಲ್ಲ ಎಂದ ಮಾತ್ರಕ್ಕೆ ಔಷಧ ನಾಟುತ್ತದೆ ಎಂದೂ ಹೇಳಲಾಗದು. ಸ್ಯೂಡೊಮೊನಾಸ್, ಅಸಿನೆಟೊಬ್ಯಾಕ್ಟರ್‌ಗಳು ಔಷಧವನ್ನು ಹೊರದಬ್ಬುವಂಥ ಬೇರೆ ಉಪಾಯಗಳಿಂದಲೂ ಬಚಾವಾಗುತ್ತವೆ. ಹೀಗಾಗಿ ಕಲ್ಚರ್ ಮತ್ತು ಸೆನ್ಸಿಟಿವಿಟಿ ಪರೀಕ್ಷೆ ಎಂದಿನಂತೆ ಮುಂದುವರಿಯಬೇಕು.

ಇನ್ನೊಂದು ಕಡೆ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಪಿಸಿಆರ್ ಪಾಸಿಟಿವ್ ಎಂದೇ ತೋರಿಸುತ್ತದೆ. ಆ್ಯಂಟಿಬಯೋಟಿಕ್ ಶುರುವಾದ ಮೇಲೆ ತೆಗೆದ ರಕ್ತದಲ್ಲಿ ಇದು ಅನುಕೂಲವೇ. ಕಲ್ಚರ್‌ನಲ್ಲಿ ಬೆಳೆಯದ್ದು ಇಲ್ಲಿ ಕಾಣಬಹುದು. ಆದರೆ ಸೋಂಕು ಗುಣವಾಯಿತೇ ಎಂದು ತಿಳಿಯಲು ಪಿಸಿಆರ್ ಸಲ್ಲದು, ಅದಕ್ಕೆ ಮರು ಕಲ್ಚರೇ ಬೇಕು. ನಾಲ್ಕರಲ್ಲಿ ಒಂದೇ ಬಾಟಲಿಯಲ್ಲಿ ಚರ್ಮದ ಸ್ಟಫೈಲೊಕಾಕಸ್ ಸಿಕ್ಕರೆ ಅದು ಬಹುತೇಕ ಕಲಬೆರಕೆ. ಅಣು ಪರೀಕ್ಷೆ ಆ ಕಲಬೆರಕೆಯನ್ನೂ ಅಷ್ಟೇ ಬೇಗ ತೋರಿಸುತ್ತದೆ.

ವೇಗದ ಲಾಭ ಎಷ್ಟು ಎಂಬುದಕ್ಕೆ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. 617 ರೋಗಿಗಳಲ್ಲಿ ಪಾಸಿಟಿವ್ ಬಾಟಲಿಯ ಪಿಸಿಆರನ್ನು ಹಳೆಯ ವಿಧಾನದೊಂದಿಗೆ ಹೋಲಿಸಿದಾಗ, ರೋಗಾಣುವಿನ ಹೆಸರು ತಿಳಿಯುವ ಅವಧಿ 22.3 ಗಂಟೆಯಿಂದ 1.3 ಗಂಟೆಗೆ ಇಳಿಯಿತು. ಅನಗತ್ಯ ಔಷಧಗಳ ಬಳಕೆಯೂ ತಗ್ಗಿತು. ಆದರೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧವನ್ನು ಸರಿಯಾದ ಹೊತ್ತಿಗೆ ಬದಲಿಸುವುದು ಫಲಿತಾಂಶದ ಜೊತೆ ತಜ್ಞರ ಸಲಹೆಯೂ ವೈದ್ಯರಿಗೆ ಸಿಕ್ಕಾಗ ಇನ್ನಷ್ಟು ಬೇಗ ಆಯಿತು. ರಾತ್ರಿ ಎಂಟಕ್ಕೆ ಬಂದ ರಿಪೋರ್ಟ್ ಬೆಳಗಿನ ರೌಂಡ್ಸ್‌ವರೆಗೆ ಕಂಪ್ಯೂಟರ್‌ನಲ್ಲೇ ಕುಳಿತರೆ ಒಂದು ಗಂಟೆಯ ಪರೀಕ್ಷೆಗೂ ಹದಿಮೂರು ಗಂಟೆ ಹಿಡಿದಂತಾಯಿತು.

ಫಂಗಸ್ ಸೋಂಕು

ಆ್ಯಂಟಿಬಯೋಟಿಕ್ ಶುರುವಾಗಿ ನಾಲ್ಕರಿಂದ ಏಳು ದಿನವಾದರೂ ಜ್ವರ ಬಿಡದಿದ್ದರೆ ಫಂಗಸ್‌ನ ಸಂಶಯ ಬರುತ್ತದೆ. ಕ್ಯಾಂಡಿಡಾ ರಕ್ತದ ಕಲ್ಚರ್‌ನಲ್ಲಿ ಬೆಳೆಯುತ್ತದೆ, ಆದರೆ ಆಳದ ಕ್ಯಾಂಡಿಡಾ ಸೋಂಕುಗಳಲ್ಲಿ ಕಲ್ಚರ್ ಹಿಡಿಯುವುದು ಸುಮಾರು ಅರ್ಧದಷ್ಟನ್ನು ಮಾತ್ರ. ಬಿಸಿಐಡಿ-2ರಂಥ ಪ್ಯಾನೆಲ್‌ಗಳು ಹಲವು ಔಷಧಗಳಿಗೆ ಬಗ್ಗದ ಕ್ಯಾಂಡಿಡಾ ಆರಿಸ್ ಪ್ರಭೇದವನ್ನೂ ಗುರುತಿಸುತ್ತವೆ. ಆಸ್ಪರ್ಜಿಲಸ್ ಕಥೆ ಬೇರೆ. ಅದು ಶ್ವಾಸಕೋಶವನ್ನು ಹಿಡಿಯುತ್ತದೆ, ರಕ್ತದ ಕಲ್ಚರ್‌ನಲ್ಲಿ ಬೆಳೆಯುವುದು ತೀರಾ ಅಪರೂಪ. ಅದರ ಪತ್ತೆಗೆ ಎದೆಯ ಸಿಟಿ ಸ್ಕ್ಯಾನ್ ಮತ್ತು ರಕ್ತದ ಗ್ಯಾಲಕ್ಟೊಮ್ಯಾನನ್ ಪರೀಕ್ಷೆ ಬೇಕು. ಒಣ ಮೇವು, ಗೊಬ್ಬರದ ತಿಪ್ಪೆ, ಕಣದಲ್ಲಿ ಜೋಳ ತೂರುವ ದೂಳು, ಹಳೆ ಗೋಡೆ ಕೆಡವುವ ಜಾಗ, ಇವೆಲ್ಲ ಈ ಫಂಗಸ್‌ನ ಬೀಜಕಗಳು ಹೇರಳವಾಗಿರುವ ತಾಣಗಳು. ಬಿಳಿ ಕಣ ಕಡಿಮೆ ಇರುವ ದಿನಗಳಲ್ಲಿ ರೋಗಿ ಇವುಗಳಿಂದ ದೂರ ಇರಬೇಕು.

ಕೇಳಿ ತಿಳಿಯಬೇಕಾದ್ದು

ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲ ಪರೀಕ್ಷೆ ಇರುವುದಿಲ್ಲ, ಇರುವ ಪರೀಕ್ಷೆ ರಾತ್ರಿ ನಡೆಯದಿರಬಹುದು. ಜ್ವರ ಬರುವ ಮೊದಲೇ, ಕೀಮೋ ಮುಗಿಸಿ ಊರಿಗೆ ಬಂದ ವಾರದಲ್ಲಿ, ಹತ್ತಿರದ ಆಸ್ಪತ್ರೆಯಲ್ಲಿ ಕೆಲವು ವಿಷಯ ವಿಚಾರಿಸಿಕೊಂಡಿದ್ದರೆ ತುರ್ತಿನಲ್ಲಿ ಗೊಂದಲವಾಗುವುದಿಲ್ಲ. ಬ್ಲಡ್ ಕಲ್ಚರ್ ಬಾಟಲಿ ರಾತ್ರಿಯೂ ಸಿಗುತ್ತದೆಯೇ? ಸ್ವಯಂಚಾಲಿತ ಕಲ್ಚರ್ ಯಂತ್ರ ಇದೆಯೇ? ಬಾಟಲಿ ಪಾಸಿಟಿವ್ ಆದರೆ ವೈದ್ಯರಿಗೆ ಕೂಡಲೇ ಫೋನ್ ಹೋಗುತ್ತದೆಯೇ? ಪಿಸಿಆರ್ ಪ್ಯಾನೆಲ್ ಅಲ್ಲೇ ಮಾಡುತ್ತಾರೋ ಹೊರಗೆ ಕಳಿಸುತ್ತಾರೋ, ಕಳಿಸಿದರೆ ಉತ್ತರ ಎಷ್ಟು ಹೊತ್ತಿಗೆ? ರಕ್ತ ಮತ್ತು ಪ್ಲೇಟ್‌ಲೆಟ್ ಸಿಗುವ ವ್ಯವಸ್ಥೆ ಇದೆಯೇ?

ಖರ್ಚಿನ ಮಟ್ಟಿಗೆ, ಮಲ್ಟಿಪ್ಲೆಕ್ಸ್ ಪ್ಯಾನೆಲ್‌ನ ದರ ಕಲ್ಚರ್‌ಗಿಂತ ಹಲವು ಪಟ್ಟು. ಹಾಗಾಗಿ ಎಲ್ಲ ಬಾಟಲಿಗೂ ಮಾಡಿಸುವ ಅಗತ್ಯವಿಲ್ಲ. ಒಬ್ಬ ರೋಗಿಯ ಮೊದಲ ಪಾಸಿಟಿವ್ ಬಾಟಲಿಗೆ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ಎರಡು ಸೆಟ್ ಕಲ್ಚರ್‌ಗೂ ಹಣ ಹೊಂದಿಸುವುದು ಕಷ್ಟವಾಗಿರುವಾಗ ಅದನ್ನು ಬಿಟ್ಟು ನೇರ ರಕ್ತದ ಪಿಸಿಆರ್‌ಗೆ ಖರ್ಚು ಮಾಡುವುದು ಜಾಣತನವಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಯಾವ ಪರೀಕ್ಷೆ ಪ್ಯಾಕೇಜ್‌ನಲ್ಲಿ ಸೇರಿದೆ, ಯಾವುದಕ್ಕೆ ಕೈಯಿಂದ ಹಣ ಕಟ್ಟಬೇಕು ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲೇ ಕೇಳಿಕೊಳ್ಳಬೇಕು.

ರೋಗಾಣು ಮತ್ತು ಔಷಧ ಖಚಿತವಾದ ಮೇಲೆ ವೈದ್ಯರು ಅನಗತ್ಯ ಔಷಧಗಳನ್ನು ಕೈಬಿಡುತ್ತಾರೆ. ಕೆಲವು ರೋಗಾಣುಗಳು ಲೈನಿನಲ್ಲಿ ನೆಲೆಸಿದ್ದರೆ, ವಿಶೇಷವಾಗಿ ಸ್ಟಫೈಲೊಕಾಕಸ್ ಆರಿಯಸ್ ಮತ್ತು ಕ್ಯಾಂಡಿಡಾ, ಲೈನನ್ನೇ ತೆಗೆಯಬೇಕಾಗುತ್ತದೆ. ಈ ಎರಡರ ಸೋಂಕಿನಲ್ಲಿ ರಕ್ತ ಸ್ವಚ್ಛವಾಗಿದೆ ಎಂದು ಮರು ಕಲ್ಚರ್ ತೋರಿಸಿದ ದಿನದಿಂದ ಕನಿಷ್ಠ ಎರಡು ವಾರ ಚಿಕಿತ್ಸೆ ಎಣಿಸುತ್ತಾರೆ. ಮಧ್ಯೆ ಜ್ವರ ಬಿಟ್ಟಿತೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಬಿಡುಗಡೆಯ ದಿನ ಡಿಸ್ಚಾರ್ಜ್ ಚೀಟಿಯ ಜೊತೆ ಕಲ್ಚರ್, ಸೆನ್ಸಿಟಿವಿಟಿ ಮತ್ತು ಜೀನ್ ರಿಪೋರ್ಟ್‌ಗಳ ಪ್ರತಿಗಳನ್ನು ಕೇಳಿ ಪಡೆದು ಫೈಲಿಗೆ ಸೇರಿಸಬೇಕು, ಕ್ಯಾನ್ಸರ್ ವೈದ್ಯರಿಗೂ ಕಳಿಸಬೇಕು. ಕರುಳಿನಲ್ಲಿ ಉಳಿದ ನಿರೋಧಕ ಬ್ಯಾಕ್ಟೀರಿಯಾ ಮುಂದಿನ ಸುತ್ತಿನ ಕೀಮೋದಲ್ಲಿ ಮತ್ತೆ ರಕ್ತಕ್ಕಿಳಿಯಬಹುದು. ಆಗ ಮೊದಲ ಗಂಟೆಯಲ್ಲಿ ಯಾವ ಔಷಧ ಕೊಡಬೇಕೆಂಬುದನ್ನು ವೈದ್ಯರು ನಿರ್ಧರಿಸುವುದು ಈ ಹಳೆಯ ರಿಪೋರ್ಟ್ ನೋಡಿಯೇ.